ಹೊರಟಲ್ಲಿಗೇ ಬರುವ ದಾರಿ

“ಎಲ್ಲಿಗೆ ಹೊರಟಿರಿ?” ಎಂದು ಯಾರಾದರೂ ಕೇಳಿದರೆ ಒಂದು ಊರಿನ ಹೆಸರು ಹೇಳುವುದು ವಾಡಿಕೆ. “ಎಲ್ಲಿಗೂ ಇಲ್ಲ, ಬೆಳಿಗ್ಗೆ ಹೊರಟು, ಕಾಡಿನಲ್ಲಿ ಸುತ್ತಿ, ಹೊಳೆ ದಾಟಿ, ಸಂಜೆಗೆ ಮತ್ತೆ ಇದೇ ಜಗಲಿಗೆ ಬರುತ್ತೇವೆ” ಎಂದರೆ ಕೇಳಿದವರು ನಮ್ಮ ಮುಖವನ್ನು ಇನ್ನೊಮ್ಮೆ ನೋಡುತ್ತಾರೆ. ಮರಳಿ ಇಲ್ಲಿಗೇ ಬರುವುದಾದರೆ ಇಲ್ಲೇ ಕುಳಿತಿರಬಹುದಾಗಿತ್ತಲ್ಲ ಎಂಬ ಪ್ರಶ್ನೆ ಅವರ ಕಣ್ಣಿನಲ್ಲಿರುತ್ತದೆ. ಪಟ್ಟಣಿಗರಾದ ನಮಗೆ ಸುತ್ತು ನಡೆಯುವುದು ಹೊಸದೇನೂ ಅಲ್ಲ. ಬೆಳಗಾದರೆ ಉದ್ಯಾನದ ಸುತ್ತ ಎಷ್ಟು ಜನ ತಿರುಗುತ್ತಾರೆ! ಆದರೆ ಅದು ವೈದ್ಯರಿಗೆ ಹೆದರಿ ನಡೆಯುವ ನಡಿಗೆ. ಆರು ಸುತ್ತು ಮುಗಿಸಿದವರನ್ನು ದಾರಿಯಲ್ಲಿ ಏನು ಕಂಡಿರಿ ಎಂದು ಕೇಳಿದರೆ ಗಡಿಯಾರವನ್ನು ನೋಡಿ ಉತ್ತರ ಹೇಳುತ್ತಾರೆ.

ಹೋದ ನವೆಂಬರ್ ತಿಂಗಳ ಕೊನೆಯ ಭಾನುವಾರ ನನಗೆ ಒದಗಿದ ನಡಿಗೆ ಬೇರೆ ಬಗೆಯದು. ಸ್ಥಳ ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕು, ಅಘನಾಶಿನಿಯ ಕಣಿವೆ. ಈ ನದಿ ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟಿ, ಘಟ್ಟದ ಕಾಡುಗಳ ನಡುವೆ ಹರಿದು, ಉಂಚಳ್ಳಿಯಲ್ಲಿ 116 ಮೀಟರು ಆಳಕ್ಕೆ ಧುಮುಕಿ, ಕುಮಟೆಯ ಬಳಿ ಕಡಲನ್ನು ಸೇರುತ್ತದೆ. ಅಡ್ಡವಾಗಿ ದೊಡ್ಡ ಅಣೆಕಟ್ಟೊಂದಿಲ್ಲದೆ ಹುಟ್ಟಿನಿಂದ ಕಡಲಿನವರೆಗೆ ತನ್ನ ಇಚ್ಛೆಯಂತೆ ಹರಿಯುವ ನದಿಗಳು ಈಗ ನಮ್ಮಲ್ಲಿ ಹೆಚ್ಚು ಉಳಿದಿಲ್ಲ. ಇದು ಅವುಗಳಲ್ಲಿ ಒಂದು. ನನ್ನ ಮಿತ್ರರೊಬ್ಬರ ಸೋದರಮಾವನ ಮನೆ ಅಲ್ಲಿದೆ. ಮಿತ್ರರು ಬಾಲ್ಯದಲ್ಲಿ ರಜೆಯನ್ನೆಲ್ಲ ಕಳೆದ ಮನೆ. ಸುತ್ತಿನ ಕಾಲುದಾರಿಗಳೆಲ್ಲ ಅವರಿಗೆ ಕರಗತ, ಅಥವಾ ಪಾದಗತ ಎನ್ನಬೇಕೋ ಏನೋ.

ಬೆಳಗಿನ ಆರೂವರೆಗೆ ಹೊರಟೆವು. ಮನೆಯವರು ಬಾಳೆಲೆಯಲ್ಲಿ ಮೊಸರನ್ನ ಕಟ್ಟಿ, ಜೊತೆಗೆ ಅಪ್ಪೆಮಿಡಿಯ ಉಪ್ಪಿನಕಾಯಿ ಇಟ್ಟು ಕೊಟ್ಟರು. ಎಂಬತ್ತು ದಾಟಿದ ಮಾವನವರು ಜಗಲಿಯ ಕಂಬಕ್ಕೆ ಒರಗಿ ಕುಳಿತು, ದಾರಿ ಹೇಳಬಹುದೆಂದು ನಾನು ಕಾದರೆ, ಒಂದೇ ಮಾತು ಹೇಳಿದರು: “ದಣಪೆ ತೆಗೆದವ್ರು ಹಾಕ್ಕೊಂಡು ಹೋಗಿ. ಮತ್ತೇನು ಹೇಳೂದಿಲ್ಲೆ.”

ದಣಪೆಯನ್ನು ನೋಡದ ಓದುಗರಿಗೆ ಒಂದು ಮಾತು. ಬೇಲಿಯ ನಡುವೆ ಎರಡು ಗೂಟ ನಿಲ್ಲಿಸಿ, ಅವುಗಳಲ್ಲಿ ತೂತು ಕೊರೆದು, ಅಡ್ಡಲಾಗಿ ಮೂರೋ ನಾಲ್ಕೋ ಬಿದಿರ ಗಳುಗಳನ್ನು ತೂರಿಸಿರುತ್ತಾರೆ. ಮನುಷ್ಯರು ಗಳುಗಳನ್ನು ಸರಿಸಿ ದಾಟಬಹುದು, ದನಗಳು ಸರಿಸಲಾರವು. ಬೀಗವಿಲ್ಲ, ಕಾವಲುಗಾರನಿಲ್ಲ. ದಾಟಿದವನು ಗಳುಗಳನ್ನು ಮತ್ತೆ ಇಡುತ್ತಾನೆ ಎಂಬ ನಂಬಿಕೆಯೊಂದೇ ಅದರ ಬೀಗ.

ತೋಟದ ಕೆಳಗೆ ಒಂದು ಚಿಕ್ಕ ಗದ್ದೆ, ಅದರಾಚೆ ಒಂದು ಗುಡಿಸಲು. ಭತ್ತ ಮಾಗಿ ಬಾಗಿ ನಿಂತಿತ್ತು. ಇನ್ನು ಎರಡು ಮೂರು ದಿನದಲ್ಲಿ ಕೊಯ್ಲು. ಗದ್ದೆಯ ಬೇಲಿಯ ದಣಪೆಯನ್ನು ಮಿತ್ರರು ತೆಗೆದು ಮುಂದೆ ಹೋದರು, ಹಿಂದಿದ್ದವನು ನಾನು. ಮಂಜು ತೆರೆ ಸರಿಸಿ ಎದುರಿನ ಬೆಟ್ಟದ ಮೇಲೆ ಬಿಸಿಲು ಬಿದ್ದ ಕ್ಷಣ ಅದು. ಕಿಸೆಯಿಂದ ಫೋನು ತೆಗೆದು ಚಿತ್ರ ಹಿಡಿದೆ. ಒಂದು ಸರಿಬರಲಿಲ್ಲವೆಂದು ಇನ್ನೊಂದು ಹಿಡಿದೆ. ಮಿತ್ರರು ಸಂಕದ ಆಚೆಯಿಂದ ಕೂಗಿದರು. “ಬಂದೆ” ಎಂದು ಓಡಿದೆ.

ಮುಂದೆ ಸೊಪ್ಪಿನಬೆಟ್ಟ. ಬ್ರಿಟಿಷರ ಕಾಲದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟವೆಂಬ ಲೆಕ್ಕ ಇಲ್ಲಿ ನೆಲೆಗೊಂಡಿತು. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಗೊಬ್ಬರವಾಗಿ ತೋಟಕ್ಕೆ. ಸೊಪ್ಪು ಕಡಿದ ಮರವನ್ನು ಕೆಲವು ವರ್ಷ ಮುಟ್ಟದೆ ಬಿಟ್ಟರೆ ಮತ್ತೆ ಚಿಗುರುತ್ತದೆ; ಬಿಡದೆ ಕಡಿದರೆ ಮರವೂ ಇಲ್ಲ, ತೋಟವೂ ಇಲ್ಲ. ಎರಡು ಬಗೆಯ ಬೆಟ್ಟವನ್ನೂ ಮಿತ್ರರು ತೋರಿಸಿದರು. ಬೆಟ್ಟ ಮುಗಿದ ಮೇಲೆ ಕಾನು. ಅಲ್ಲಿ ಹೆಜ್ಜೆಯ ಸದ್ದು ಅಡಗಿತು. ಬಿಸಿಲು ಚೂರು ಚೂರಾಗಿ ಮಾತ್ರ ಕೆಳಗಿಳಿಯುತ್ತಿತ್ತು. ಎಲ್ಲೋ ಮೇಲೆ ಸಿಂಗಳೀಕವೊಂದು ಕೂಗಿತು. ಈ ಕಪ್ಪು ಕೋತಿಗಳಿಗಾಗಿ 2011ರಲ್ಲಿ ಅಘನಾಶಿನಿ ಕಣಿವೆಯ ಕಾಡನ್ನು ಸಂರಕ್ಷಿತ ಪ್ರದೇಶವೆಂದು ಸಾರಿದ್ದಾರೆ. ನಮಗೆ ಅದರ ದನಿ ಕೇಳಿತೇ ಹೊರತು ದರ್ಶನವಾಗಲಿಲ್ಲ.

ಕಾನಿನ ತಗ್ಗಿನಲ್ಲಿ ಒಂದು ರಾಮಪತ್ರೆಯ ಜಡ್ಡಿ. ವರ್ಷವಿಡೀ ನೀರು ನಿಲ್ಲುವ ಕೆಸರುನೆಲ. ಅದರಲ್ಲಿ ಕಾಡುಜಾಯಿಕಾಯಿಯ ಜಾತಿಯ ಮರಗಳು. ಕೆಸರಿನೊಳಗೆ ಉಸಿರು ಸಾಲದೆ ಇವುಗಳ ಬೇರು ಮೇಲಕ್ಕೆದ್ದು, ಮನುಷ್ಯ ಮಂಡಿ ಮಡಿಸಿದಂತೆ ಬಾಗಿ, ಮತ್ತೆ ಮಣ್ಣಿಗೇ ಇಳಿಯುತ್ತದೆ. ನೂರಾರು ಮಂಡಿಗಳು ನೀರಿನಿಂದ ಎದ್ದು ನಿಂತಿವೆ. ಉಸಿರಿಗಾಗಿ ಹೊರಗೆ ಬರಬೇಕು, ಬಾಳಿಗಾಗಿ ಮರಳಬೇಕು. ಮರಕ್ಕೆ ಇದನ್ನು ಯಾರೂ ಬೋಧಿಸಲಿಲ್ಲ.

ಹನ್ನೆರಡರ ಹೊತ್ತಿಗೆ ಹೊಳೆಗೆ ಇಳಿದೆವು. ಬಂಡೆಗಳ ನಡುವೆ ತಿಳಿನೀರು. ಮುಖ ತೊಳೆದು, ಕಾಲು ಇಳಿಬಿಟ್ಟು, ಬುತ್ತಿ ಬಿಚ್ಚಿದೆವು. ಅಪ್ಪೆಮಿಡಿ ಬಿಡುವ ಮಾವಿನ ಮರಗಳು ಇಂಥ ಹೊಳೆದಂಡೆಗಳಲ್ಲೇ ಬೆಳೆಯುವುದೆಂದು ಮಿತ್ರರು ಹೇಳಿ ಒಂದು ಮರವನ್ನು ತೋರಿಸಿದರು. ಅಘವೆಂದರೆ ಪಾಪ, ಅದನ್ನು ನಾಶಮಾಡುವವಳು ಅಘನಾಶಿನಿ. “ಕಾಲು ನೆನೆದಷ್ಟಕ್ಕೆ ಎಷ್ಟು ಪಾಪ ಹೋಗಿರಬಹುದು?” ಎಂದು ನಾನು ನಗೆಯಾಡಿದೆ. ನಗುವಿನ ನಡುವೆಯೇ ಒಂದು ಮುಳ್ಳು ಚುಚ್ಚಿತು. ಬೆಳಿಗ್ಗೆ ಆ ದಣಪೆಯ ಗಳುಗಳನ್ನು ನಾನು ಮತ್ತೆ ಇಟ್ಟೆನೇ?

ಕಣ್ಣು ಮುಚ್ಚಿ ನೆನೆದುಕೊಂಡೆ. ಬೆಟ್ಟದ ಮೇಲಿನ ಬಿಸಿಲು ನೆನಪಿತ್ತು. ಎರಡು ಚಿತ್ರಗಳು ನೆನಪಿದ್ದವು. ಬಿದಿರ ಗಳು ಕೈಗೆ ತಾಕಿದ ನೆನಪು ಮಾತ್ರ ಇರಲಿಲ್ಲ. ಆಗ ಮನಸ್ಸು ಒಂದು ಉಪಾಯ ಹೇಳಿಕೊಟ್ಟಿತು: ಯಾರಾದರೂ ನೋಡಿ ಹಾಕಿರುತ್ತಾರೆ. ಈ ‘ಯಾರಾದರೂ’ ಎಂಬಾತ ನಮ್ಮೆಲ್ಲರಿಗೂ ಎಂಥ ಉಪಕಾರಿ! ನಾವು ತೆರೆದಿಟ್ಟ ನಲ್ಲಿಯನ್ನು ಅವನು ನಿಲ್ಲಿಸುತ್ತಾನೆ. ರಸ್ತೆಯಲ್ಲಿ ಬಿದ್ದವನನ್ನು ಎತ್ತುತ್ತಾನೆ. ಬರೆಯಬೇಕಾದ ದೂರನ್ನು ಬರೆಯುತ್ತಾನೆ. ಅವನನ್ನು ಕಣ್ಣಾರೆ ಕಂಡವರಿಲ್ಲ. ಮಿತ್ರರಿಗೆ ನಾನು ಏನನ್ನೂ ಹೇಳಲಿಲ್ಲ. ಊಟ ಮುಗಿಸಿ ಎದ್ದೆ.

ಹೊಳೆ ದಾಟಿದ ಮೇಲೆ ಏರು. ಉಸಿರು ಕಟ್ಟುವ ಆ ಏರಿನಲ್ಲಿ, ಯಾಕೋ ಅಮೆರಿಕದ ಥೋರೋ ನೆನಪಾದ. ಅವನು ತೀರಿಹೋದ 1862ರಲ್ಲಿಯೇ ಅವನ ‘ನಡಿಗೆ’ ಎಂಬ ಪ್ರಬಂಧ ಅಚ್ಚಾಯಿತು. ಸಂಜೆಗೆ ಮನೆಯ ಒಲೆಯ ಬಳಿಗೇ ಮರಳುವ ನಮ್ಮ ತಿರುಗಾಟಗಳ ಬಗ್ಗೆ ಅವನಿಗೆ ಅಸಮಾಧಾನ. ಹೊರಡುವುದಾದರೆ ಮರಳದಿರುವುದಕ್ಕೂ ಸಿದ್ಧನಾಗಿ, ಸಾಲ ತೀರಿಸಿ, ಉಯಿಲು ಬರೆದಿಟ್ಟು ಹೊರಡಬೇಕೆಂಬುದು ಅವನ ಭಾವ. ಯೌವನದಲ್ಲಿ ಅದನ್ನು ಓದಿ ರೋಮಾಂಚಗೊಂಡಿದ್ದೆ. ಬುದ್ಧನಾಗಲಿರುವ ಸಿದ್ಧಾರ್ಥನಂತೆ ಒಂದು ರಾತ್ರಿ ಎದ್ದು ಹೊರಟೇಬಿಡುವುದು ದೊಡ್ಡ ಚಿತ್ರವೇ ಸರಿ. ಆದರೆ ಆ ದಿನ ನನ್ನ ಮನಸ್ಸಿನಲ್ಲಿ ಹುಟ್ಟಿದ್ದು ಅಂಥ ವೈರಾಗ್ಯವಲ್ಲ. ಈ ದಾರಿ ಹೀಗೆಯೇ ನೇರವಾಗಿ ಮುಂದಕ್ಕೆ ಹೋಗಿ ಯಾವುದಾದರೂ ಬಸ್ಸಿನ ರಸ್ತೆಗೆ ಸೇರಬಾರದೇ, ಆ ಗದ್ದೆಯ ಮುಖ ನೋಡುವುದು ತಪ್ಪುತ್ತಿತ್ತಲ್ಲ ಎಂಬ ಆಸೆ. ಎರಡೂ ಮರಳದಿರುವ ಬಯಕೆಯೇ. ಒಬ್ಬನು ಸಾಲ ತೀರಿಸಿ ಹೊರಡುತ್ತಾನೆ. ಇನ್ನೊಬ್ಬನು ಸಾಲ ತೀರಿಸಲಾರದೆ ಹೊರಡುತ್ತಾನೆ. ಬೆನ್ನು ತಿರುಗಿಸಿದ ಮೇಲೆ ಹಿಂದಿನಿಂದ ನೋಡುವವರಿಗೆ ಇಬ್ಬರೂ ಒಂದೇ ತರಹ ಕಾಣುತ್ತಾರೆ.

ಏರಿನ ತುದಿಯಲ್ಲಿ ಮಿತ್ರರು ನಿಂತು ದಕ್ಷಿಣಕ್ಕೆ ಕೈ ತೋರಿಸಿದರು. ಬೆಟ್ಟದ ಸಾಲಿನ ಹಿಂದೆ ಬೆಟ್ಟದ ಸಾಲು, ಅದರಾಚೆ ಶರಾವತಿ. ಕಣ್ಣಿಗೆ ಕಾಣುವುದಿಲ್ಲ. “ನಮ್ಮ ಅಜ್ಜಿಯ ತವರುಮನೆ ಅಲ್ಲಿ ನೀರಿನೊಳಗಿದೆ” ಎಂದರು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿಯಿತು. ಸಮುದ್ರಮಟ್ಟದಿಂದ 1819 ಅಡಿಯವರೆಗೆ ನೀರು ನಿಲ್ಲಬಹುದೆಂದು ಗೆರೆ ಎಳೆದರು. ಆ ಗೆರೆಯ ಕೆಳಗಿದ್ದ ಮನೆ, ಗದ್ದೆ, ತೋಟ, ದೇವಸ್ಥಾನಗಳೆಲ್ಲ ಮುಳುಗಡೆಯಾದವು. ಅದಕ್ಕಿಂತ ಮುಂಚೆ ಅಲ್ಲೇ ಕಟ್ಟಿದ್ದ ಹಿರೇಭಾಸ್ಕರದ ಅಣೆಕಟ್ಟು ಕೂಡ ಮುಳುಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಅದು ಮೇಲೆದ್ದು ಕಾಣುತ್ತದೆ. “ಅಜ್ಜಿ ಇರುವ ತನಕ ವರ್ಷಕ್ಕೊಂದು ಸಲ ತವರಿನ ದಾರಿ ಹಿಡಿದು, ನೀರು ಸಿಕ್ಕುವಲ್ಲಿಯ ತನಕ ನಡೆದು, ಮರಳಿ ಬರುತ್ತಿದ್ದಳಂತೆ” ಎಂದರು ಮಿತ್ರರು. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು.

ಇಳಿಜಾರು ಮುಗಿಯುವ ಹೊತ್ತಿಗೆ ಐದು ಗಂಟೆ. ಕೆಳಗೆ ಬೆಳಗಿನ ಗದ್ದೆ ಕಂಡಿತು. ದಣಪೆಯ ಗಳುಗಳು ನೆಲದ ಮೇಲಿದ್ದವು. ಗದ್ದೆಯ ಮೂಲೆಯೊಂದು ತಲೆ ಬೋಳಿಸಿದಂತೆ ಕಾಣುತ್ತಿತ್ತು. “ದನ ನುಗ್ಗಿದ್ದಾವೆ ಪಾಪ” ಎಂದರು ಮಿತ್ರರು. ಅನಂತರ, ನನ್ನ ಕಾಲು ನೋಡಿ, “ನೀವು ದಣಿದಿದ್ದೀರಿ. ಮೇಲಿನ ಬೆಟ್ಟದ ದಾರಿ ಹಿಡಿದರೆ ಮನೆಯ ಹಿತ್ತಿಲಿಗೇ ಇಳಿಯಬಹುದು” ಎಂದರು.

ಓದುಗರಲ್ಲಿ ನಿಜವನ್ನೇ ಅರಿಕೆ ಮಾಡಿಕೊಳ್ಳುತ್ತೇನೆ. ಮೇಲಿನ ದಾರಿಗೆ ನಾಲ್ಕು ಹೆಜ್ಜೆ ಇಟ್ಟೆ. ಐದನೆಯದನ್ನು ಇಡಲಾಗಲಿಲ್ಲ. ಬೇಡ, ಬಂದ ದಾರಿಯಲ್ಲೇ ಹೋಗೋಣ ಎಂದೆ.

ಗದ್ದೆಯ ಒಡತಿ ಬೇಲಿಯ ಬಳಿ ಮುರಿದುಬಿದ್ದ ತೆನೆಗಳನ್ನು ಆಯುತ್ತಿದ್ದಳು. ಹತ್ತು ವರ್ಷದ ಹುಡುಗನೊಬ್ಬ ದೂರದಲ್ಲಿ ಬದುವಿನ ಮೇಲೆ ಬೆನ್ನು ತಿರುಗಿಸಿ ಕುಳಿತಿದ್ದ. ನಾನು ಬಾಯಿ ತೆರೆಯುವ ಮೊದಲೇ ಆಕೆ ಮಿತ್ರರಿಗೆ ಹೇಳತೊಡಗಿದಳು: “ನೋಡಿ, ಈ ಪೋರ ಬೆಳಿಗ್ಗೆ ದಣಪೆ ಹಾಕದೆ ಆಡೂಕೆ ಹೋಗ್ಯಾನೆ. ಕೇಳಿದ್ರೆ ನಾನಲ್ಲ ಅಂತಾನೆ. ಸುಳ್ಳು ಬೇರೆ. ಎರಡು ಬಿಗಿದೆ.”

ನಾನು ಹುಡುಕಿದ ‘ಯಾರಾದರೂ’ ಅಲ್ಲಿ ಕುಳಿತಿದ್ದ.

ದಣಪೆ ಹಾಕದೆ ಹೋದವನು ನಾನು ಎಂದೆ. ಆಕೆಗೆ ಕೂಡಲೇ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿದೆ. ಹುಡುಗ ತಿರುಗಿದ. ಅವನು ನನ್ನ ಕಡೆ ನೋಡಲಿಲ್ಲ. ತಾಯಿಯ ಮುಖವನ್ನೇ ನೋಡಿದ. ಆಕೆ ತೆನೆಯ ಕಂತೆಯನ್ನು ಕೆಳಗಿಟ್ಟು, ಏನೂ ಹೇಳದೆ ಹೋಗಿ ಅವನ ತಲೆಯ ಮೇಲೆ ಕೈಯಿಟ್ಟು ನಿಂತಳು. ನಾನು ಕಿಸೆಗೆ ಕೈಹಾಕಿ ಹಣ ತೆಗೆದೆ. ಭತ್ತದ ಬೆಲೆಯನ್ನು ಲೆಕ್ಕ ಹಾಕಬಹುದಾಗಿತ್ತು, ಮಿತ್ರರು ಹಾಕಿದರು, ಆಕೆ ಸ್ವಲ್ಪ ಹೊತ್ತು ಬೇಡವೆಂದು ಕೊನೆಗೆ ತೆಗೆದುಕೊಂಡಳು. ತೆಗೆದುಕೊಂಡದ್ದು ನನಗೆ ಸಮಾಧಾನವಾಯಿತು. ಆದರೆ ಆ ಎರಡು ಏಟಿಗೂ, ‘ಸುಳ್ಳುಗಾರ’ ಎಂಬ ಮಾತಿಗೂ ಯಾವ ನೋಟು ಕೊಡಲಿ? ಹುಡುಗನ ಬಳಿ ಹೋಗಿ, ನನ್ನದು ತಪ್ಪಾಯಿತು ಎಂದೆ. ಅವನು ಮಾತಾಡಲಿಲ್ಲ. ಎದ್ದು ಹೋಗಿ ಗಳುಗಳನ್ನು ಒಂದೊಂದಾಗಿ ಗೂಟದ ತೂತಿಗೆ ತೂರಿಸಿದ.

ಆ ರಾತ್ರಿ ನಿದ್ದೆ ಬೇಗ ಬರಲಿಲ್ಲ. ಕಾಲಿನ ನೋವು ಒಂದು ಕಾರಣ. ಒಂದು ಯೋಚನೆ ಇನ್ನೊಂದು ಕಾರಣ. ನಾನು ನಿಜ ಹೇಳಿದೆನೆಂದು ಬೀಗುವಂತಿರಲಿಲ್ಲ. ಹೊಳೆಯ ದಡದಲ್ಲಿ ನನಗೆ ಅದು ಗೊತ್ತಿತ್ತು, ಆಗ ಹೇಳಲಿಲ್ಲ. ಸಂಜೆ ಹೇಳಿದ್ದಕ್ಕೆ ನನ್ನ ಶೀಲದಷ್ಟೇ ದಾರಿಯ ಆಕಾರವೂ ಕಾರಣ. ಬಸ್ಸು ಹಿಡಿದು ಮುಂದೆ ಹೋಗುವ ದಾರಿಯಾಗಿದ್ದರೆ ಆ ದಿನವನ್ನು ನಾನು ಸುಂದರವಾದ ದಿನವೆಂದೇ ನೆನೆಯುತ್ತಿದ್ದೆ, ಬೆಟ್ಟದ ಬಿಸಿಲಿನ ಚಿತ್ರವನ್ನು ನಾಲ್ಕು ಜನರಿಗೆ ತೋರಿಸುತ್ತಿದ್ದೆ. ಹುಡುಗ ಆ ಮನೆಯಲ್ಲಿ ಸುಳ್ಳುಗಾರನಾಗಿಯೇ ಉಳಿಯುತ್ತಿದ್ದ. ನಾವು ಬಿಟ್ಟುಬಂದ ತಪ್ಪು ಗಾಳಿಯಲ್ಲಿ ಕರಗಿಹೋಗುತ್ತದೆಂದು ತಿಳಿದಿರುತ್ತೇವೆ. ಅದು ಕರಗುವುದಿಲ್ಲ. ಹತ್ತಿರದಲ್ಲಿ ಯಾರ ತಲೆ ಸಿಕ್ಕುತ್ತದೋ ಅವರ ತಲೆಯ ಮೇಲೆ ಕೂರುತ್ತದೆ. ಬಹುಮಟ್ಟಿಗೆ ಅದು ಎದುರು ಮಾತಾಡಲಾರದವರ ತಲೆಯಾಗಿರುತ್ತದೆ.

ನಮ್ಮ ಹಿರಿಯರು ಪ್ರದಕ್ಷಿಣೆಗೆ ಅಷ್ಟು ಬೆಲೆ ಕೊಟ್ಟದ್ದು ಏಕಿರಬಹುದು? ತಿರುವಣ್ಣಾಮಲೆಯಲ್ಲಿ ಅರುಣಾಚಲವನ್ನು ಸುತ್ತಲು 14 ಕಿಲೋಮೀಟರು ನಡೆಯುತ್ತಾರೆ. ನರ್ಮದೆಯನ್ನು ಸುತ್ತುವವರು 1312 ಕಿಲೋಮೀಟರು ಉದ್ದದ ನದಿಯ ಒಂದು ದಡದಲ್ಲಿ ಹೋಗಿ ಇನ್ನೊಂದರಲ್ಲಿ ಬರುತ್ತಾರೆ. ನಡುವೆ ನದಿಯನ್ನು ದಾಟುವಂತಿಲ್ಲ, ಅಡ್ಡದಾರಿಯಿಲ್ಲ. ಹೊರಟ ಸ್ಥಳಕ್ಕೆ ಬಂದಾಗಲೇ ಪೂರ್ತಿಯಾಯಿತೆಂಬ ಲೆಕ್ಕ. ಗಣಪತಿ ತಂದೆತಾಯಿಯರನ್ನು ಸುತ್ತಿ ಗೆದ್ದ ಕಥೆಯನ್ನು ನಾವು ಜಾಣತನದ ಕಥೆಯೆಂದು ಮಕ್ಕಳಿಗೆ ಹೇಳುತ್ತೇವೆ. ನನಗೆ ಈಗ ಅದು ಬೇರೆಯಾಗಿ ತೋರುತ್ತದೆ. ಲೋಕವೆಲ್ಲ ಸುತ್ತಿದರೂ ಕೊನೆಗೆ ಮುಖಾಮುಖಿಯಾಗಬೇಕಾದದ್ದು ನಾವು ಯಾರಿಗೆ ಋಣಿಗಳೋ ಅವರಿಗೆ ಎಂಬುದು ಅವನಿಗೆ ತಿಳಿದಿತ್ತು.

ಇಲ್ಲಿ ಒಂದು ಆಕ್ಷೇಪಣೆಗೆ ಎಡೆಯಿದೆ. ಗಾಣದ ಎತ್ತೂ ಸುತ್ತುತ್ತದೆ. ಅದಕ್ಕೆ ಯಾವ ಪುಣ್ಯ ಬಂತು? ಹುಟ್ಟುಸಾವಿನ ಚಕ್ರದಿಂದ ಪಾರಾಗುವುದೇ ಪುರುಷಾರ್ಥವೆಂದು ಸಾರಿದ ಪರಂಪರೆಯಲ್ಲವೇ ನಮ್ಮದು? ಮಾತು ನಿಜ. ತಾತ ಮಾಡಿದ್ದನ್ನೇ ಮೊಮ್ಮಗನೂ ಮಾಡಬೇಕೆಂಬ ಸುತ್ತಿನಲ್ಲಿ ಸಿಕ್ಕಿ ನರಳಿದವರು ಎಷ್ಟೋ ಜನ. ಅವರ ಪಾಲಿಗೆ ನೇರ ರಸ್ತೆಯೇ ಬಿಡುಗಡೆ. ಅದನ್ನು ಹಳಿಯುವ ಹಕ್ಕು ನನಗಿಲ್ಲ. ಆದರೆ ಗಾಣದ ಎತ್ತಿನ ಕಣ್ಣಿಗೆ ಪಟ್ಟಿ ಕಟ್ಟಿರುತ್ತಾರೆ ಎಂಬುದನ್ನೂ ಮರೆಯಬಾರದು. ಸುತ್ತುತ್ತಿದ್ದೇನೆಂದು ಅದಕ್ಕೆ ತಿಳಿಯಬಾರದು, ನೇರ ನಡೆಯುತ್ತಿದ್ದೇನೆಂದೇ ಅದು ತಿಳಿಯಬೇಕು ಎಂಬುದು ಗಾಣಿಗನ ಉಪಾಯ. ಸುತ್ತುದಾರಿಯ ಬೆಲೆಯಿರುವುದು ಕಣ್ಣು ತೆರೆದಿದ್ದಾಗ. ಬೆಳಿಗ್ಗೆ ಕಂಡದ್ದನ್ನು ಸಂಜೆಯ ಬೆಳಕಿನಲ್ಲಿ ಇನ್ನೊಮ್ಮೆ ಕಾಣುವುದಕ್ಕಾಗಿ ಮರಳುವುದು ಬಂಧನವಲ್ಲ.

ಬೆಂಗಳೂರಿಗೆ ಬಂದು ಮನೆಯ ಬಾಗಿಲು ತೆರೆದು ಗುಂಡಿ ಒತ್ತಿದಾಗ ದೀಪ ಹತ್ತಿತು. ಎಂದಿನಂತೆ ಹತ್ತಿತು. ಅಂದು ಮಾತ್ರ ಅದನ್ನು ನೋಡುತ್ತ ನಿಂತೆ. ಶರಾವತಿಯ ವಿದ್ಯುತ್ತು 1965ರಿಂದ ನಾಡಿನ ಊರೂರಿಗೆ ಬಂತು, ಕಾರ್ಖಾನೆಗಳು ನಡೆದವು, ನನ್ನ ತಲೆಮಾರಿನವರು ಆ ಬೆಳಕಿನಲ್ಲೇ ಓದಿ ಮುಂದೆ ಬಂದೆವು. ಅಣೆಕಟ್ಟು ಕಟ್ಟಿದ್ದೇ ತಪ್ಪೆಂದು ನಾನು ಹೇಳಲಾರೆ. ದೀಪದ ಕೆಳಗೆ ಕುಳಿತು ದೀಪವನ್ನು ಬೈಯುವುದು ಸುಲಭದ ಸಾತ್ವಿಕತೆ. ನಾವು ಮರಳಿ ಹೋಗಿ ನೋಡಿದೆವೇ ಎಂಬುದಷ್ಟೇ ನನ್ನ ಪ್ರಶ್ನೆ. ಮುಳುಗಡೆಯಾದವರನ್ನು ತಂದು ಬಿಟ್ಟ ನೆಲಕ್ಕೆ ಹಕ್ಕುಪತ್ರವೆಲ್ಲಿ ಎಂಬ ಕೂಗು ಅರ್ಧ ಶತಮಾನ ಕಳೆದ ಮೇಲೂ ಕೇಳಿಬರುತ್ತಿತ್ತು. ಹಿನ್ನೀರು ಸುತ್ತುವರಿದ ಊರುಗಳವರು ಅಷ್ಟೂ ಕಾಲ ಲಾಂಚನ್ನು ಕಾದು ದಾಟಬೇಕಾಗಿತ್ತು. ಸಿಗಂದೂರಿನ ಕಡೆಗೆ ಸೇತುವೆಯಾದದ್ದು 2025ರಲ್ಲಿ. 2019ರಲ್ಲಿ ಶರಾವತಿಯ ನೀರನ್ನು ಬೆಂಗಳೂರಿಗೆ ಹರಿಸುವ ಮಾತೆದ್ದಾಗ ಮಲೆನಾಡಿನವರು ಬೀದಿಗಿಳಿದರು. ಅವರಿಗೇಕೆ ಇಷ್ಟು ಸಿಟ್ಟು ಎಂದು ನಮ್ಮ ಕಡೆ ಕೆಲವರಿಗೆ ಸೋಜಿಗವಾಯಿತು. ಆ ಸೋಜಿಗವೇ ನಾವು ಮರಳಿ ಹೋಗಿಲ್ಲವೆಂಬುದಕ್ಕೆ ಸಾಕ್ಷಿ. ತಂತಿ ನೇರವಾಗಿ ಬರುತ್ತದೆ. ಅದರ ಬೆನ್ನು ಹಿಡಿದು ಆ ಕಣಿವೆಗೆ ನಡೆದವರು ಕಡಿಮೆ. ಮುಳುಗಿದ ತವರಿಗೆ ವರ್ಷಕ್ಕೊಮ್ಮೆ, ನೀರು ಸಿಕ್ಕುವಲ್ಲಿಯ ತನಕ ನಡೆದ ಆ ಅಜ್ಜಿ ಯಾರಿಗೂ ಏನೂ ಬಾಕಿಯಿರಲಿಲ್ಲ. ಬಾಕಿಯಿದ್ದವರು ನಾವು.

ಪ್ರತಿಯೊಬ್ಬನೂ ಮಾಡಿದ್ದೆಲ್ಲವನ್ನೂ ಮರಳಿ ನೋಡುತ್ತ ಕುಳಿತರೆ ಬಾಳು ಮುಂದಕ್ಕೆ ಸಾಗದು ಎಂದು ಯಾರಾದರೂ ಹೇಳಿಯಾರು. ಒಪ್ಪುತ್ತೇನೆ. ದಿನವೂ ಸಾಧ್ಯವಿಲ್ಲ. ವರ್ಷಕ್ಕೊಂದು ದಿನವಾದರೂ ಸಾಧ್ಯವಲ್ಲವೇ?

ಆ ಸಂಜೆಯ ಒಂದು ಮಾತು ಹೇಳುವುದು ಉಳಿದಿದೆ. ನಾವು ಜಗಲಿ ಹತ್ತಿದಾಗ ಮಾವನವರು ಬೆಳಿಗ್ಗೆ ಕುಳಿತಿದ್ದ ಕಂಬದ ಬಳಿಯೇ ಕುಳಿತಿದ್ದರು. ಕಾಡು ಹೇಗಿತ್ತು, ಹೊಳೆಯಲ್ಲಿ ನೀರೆಷ್ಟಿತ್ತು ಎಂದು ಕೇಳಲಿಲ್ಲ. “ದಣಪೆ ಹಾಕಿದ್ರಾ?” ಎಂದರು. ನಡೆದದ್ದನ್ನು ಹೇಳಿದೆ. ಅವರು ಬಹಳ ಹೊತ್ತು ಕವಳ ಅಗಿಯುತ್ತ ಕುಳಿತು, “ಹುಡುಗ ಮಾತಾಡಿದ್ನಾ?” ಎಂದರು. ಇಲ್ಲವೆಂದೆ. “ಹಂಗಾದ್ರೆ ಇನ್ನೊಂದ್ಸಲ ಬರಬೇಕಾಯ್ತು” ಎಂದರು.

ಈ ವರ್ಷ ಭತ್ತ ಮಾಗುವ ಹೊತ್ತಿಗೆ ಹೋಗಬೇಕೆಂದಿದ್ದೇನೆ.